ಒಂದು ದಿನದ ಬಾಡಿಗೆದಾರ

ಒಡೆಸಬೇಕಾಗಿದ್ದ ಗೋಡೆಯನ್ನು ನಾನು ಒಡೆಸಲಿಲ್ಲ. ಅದರ ಮುಂದೆ ಒಂದು ಪರದೆ ಹೊಲಿದು ಇಳಿಬಿಟ್ಟೆ. ತಪ್ಪು ಅಷ್ಟಕ್ಕೇ ಮುಗಿದಿದ್ದರೆ ಇದನ್ನು ಬರೆಯಲು ಕೂರುತ್ತಿರಲಿಲ್ಲ. ನಾನು ಕಲಿತದ್ದು ಏಳನೆಯ ಇಯತ್ತೆಯವರೆಗೆ. ಗಿರಾಕಿಗಳ ಅಳತೆ ಬರೆದುಕೊಳ್ಳುವುದನ್ನು ಬಿಟ್ಟರೆ ಪೆನ್ನು ಹಿಡಿದವಳಲ್ಲ.

ಅಣ್ಣನನ್ನು ನೆನೆದರೆ ಮೊದಲು ಕಾಣುವುದು ಅವನ ಬಲ ಅಂಗೈ. ಅಗಲವಾದ ಅಂಗೈ, ಉಗುರಿನ ಸಂದಿಗಳಲ್ಲಿ ಒಣಗಿದ ಸುಣ್ಣ. ಅದನ್ನು ಗೋಡೆಗೆ ಒತ್ತಿ ಕಣ್ಣು ಮುಚ್ಚಿ ನಿಲ್ಲುತ್ತಿದ್ದ, ಮಗುವಿನ ಹಣೆ ಮುಟ್ಟಿ ಜ್ವರ ನೋಡುವವರ ಹಾಗೆ. ಎಷ್ಟೋ ಹೊತ್ತಾದ ಮೇಲೆ, "ಆರಾಮ ಅದ" ಎನ್ನುತ್ತಿದ್ದ. ಗೋಡೆ ಆರಾಮವಾಗಿದೆ ಎಂದು.

ಧನಕವಡಿಯಲ್ಲಿ ನಮ್ಮದು ಅಪ್ಪ ಕಟ್ಟಿಸಿದ ಸಣ್ಣ ಮನೆ. ಅಪ್ಪ ಜಮಖಂಡಿಯಿಂದ ಪುಣೆಗೆ ಬಂದು ಕಿರಾಣಿ ಪೇಟೆಯಲ್ಲಿ ಗುಮಾಸ್ತನಾಗಿದ್ದ. ಅವನ ನಂತರ ಅದೇ ಅಂಗಡಿಯಲ್ಲಿ ಅಣ್ಣ ಕೂತ. ಅಣ್ಣ ಮದುವೆಯಾಗಲಿಲ್ಲ. ನನ್ನ ಗಂಡ ತೀರಿಕೊಂಡು ನಾನು ಬರಿಗೈಯಲ್ಲಿ ಬಂದು ನಿಂತಾಗ, ಅವನು ತನ್ನ ಮಂಚವನ್ನು ಹಿಂದಿನ ಕೋಣೆಗೆ ಎಳೆದುಕೊಂಡು, ಬೀದಿಯ ಬೆಳಕು ಬೀಳುವ ಮುಂದಿನ ಕೋಣೆಯನ್ನು ನನ್ನ ಹೊಲಿಗೆ ಮಷೀನಿಗೆ ಬಿಟ್ಟುಕೊಟ್ಟ. ಮೇಲಿನ ಎರಡು ಕೋಣೆಗಳನ್ನು ಬಾಡಿಗೆಗೆ ಕೊಡುತ್ತಿದ್ದೆವು.

ಮೇಲಿನ ಮನೆ ಖಾಲಿಯಾದಾಗಲೆಲ್ಲ ಅಣ್ಣನದೊಂದು ಪದ್ಧತಿ ಇತ್ತು. ಸುಣ್ಣ ಬಳಿದು, ಕಿಟಕಿಯ ಚಿಲಕಗಳಿಗೆ ಎಣ್ಣೆ ಬಿಟ್ಟು, ನೆಲ ತಿಕ್ಕಿ ಮುಗಿದ ಮೇಲೂ ಹೊರಗೆ ‘ಬಾಡಿಗೆಗಿದೆ’ ಬೋರ್ಡು ತೂಗುಹಾಕುತ್ತಿರಲಿಲ್ಲ. ಒಂದು ದಿನ ಬೆಳಿಗ್ಗೆ ಟವೆಲು, ಬಕೀಟು, ಸ್ಟೋವು, ಹಿಟ್ಟಿನ ಡಬ್ಬಿ ಹಿಡಿದು ಮೇಲೆ ಹತ್ತುತ್ತಿದ್ದ. ಅಲ್ಲಿಯೇ ಸ್ನಾನ ಮಾಡಿ, ಒಂದು ಜೊತೆ ಬಟ್ಟೆ ಒಗೆದು ಒಣಹಾಕಿ, ಭಕ್ಕರಿ ಬಡಿದು ಉಂಡು, ಮಧ್ಯಾಹ್ನ ಚಾಪೆ ಹಾಸಿ ಮಲಗುತ್ತಿದ್ದ. ಬಚ್ಚಲ ನೀರು ಎಲ್ಲಿ ನಿಲ್ಲುತ್ತದೆ, ಒಲೆಯ ಹೊಗೆ ಯಾವ ಕಡೆ ಹೋಗುತ್ತದೆ, ಬಿಸಿಲು ಎಷ್ಟು ಹೊತ್ತಿಗೆ ಮುಖಕ್ಕೆ ಹೊಡೆಯುತ್ತದೆ ಎಂದು ಬಾಳಿಯೇ ನೋಡಬೇಕು ಎನ್ನುತ್ತಿದ್ದ.

ನಾನು ಕೆಳಗಿನಿಂದ ಚೇಷ್ಟೆ ಮಾಡುತ್ತಿದ್ದೆ: "ಏನ್ರಿ ಹೊಸಾ ಭಾಡೇಕರು, ಚಹಾ ಕಳಸಲೇನ್ರಿ?"

"ಚಹಾ ಇರಲಿ, ಮಾಲಕೀಣಬಾಯಿ! ನಿಮ್ಮ ನಳಾ ಸೋರತದ್ರಿ. ಇಂಥಾ ಮನ್ಯಾಗ ಹ್ಯಾಂಗ ಇರೂದ್ರಿ?"

ಸಂಜೆ ಇಳಿದು ಬಂದವನ ಕೈಯಲ್ಲಿ ಕುಂದುಗಳ ಪಟ್ಟಿ ಇರುತ್ತಿತ್ತು. ಒಂದೊಂದನ್ನೇ ಸರಿಮಾಡುತ್ತಿದ್ದ. ಅಡುಗೆ ಮನೆಯ ಮೊಳೆಗಳನ್ನು ಹೊಡೆಯುವ ಮುಂಚೆ ನನ್ನನ್ನು ಕರೆದು ಕೈ ಎತ್ತಿಸುತ್ತಿದ್ದ. "ಹೆಂಗಸರ ಕೈಗೆ ಎಟಕಬೇಕು. ನೀ ಗಿಡ್ಡಿ ಇದ್ದಿ, ನಿನಗ ಸಿಕ್ಕರ ಎಲ್ಲಾರಿಗೂ ಸಿಗತದ." ಕೊನೆಗೆ ಒಲೆಕಟ್ಟೆಯ ಮೇಲೆ ಹೊಸ ಕಡ್ಡಿಪೆಟ್ಟಿಗೆ, ಬಾಗಿಲ ಹಿಂದೆ ಹೊಸ ಕಸಬರಿಗೆ, ತುಂಬಿದ ಒಂದು ಕೊಡ ನೀರು ಇಟ್ಟು, ಆಮೇಲೆ ಬೋರ್ಡು ಹಾಕುತ್ತಿದ್ದ. ಫಿನಾಯಿಲ್ ಹಾಕಲು ಮಾತ್ರ ಬಿಡುತ್ತಿರಲಿಲ್ಲ. "ವಾಸನಿ ಹೊಡದ್ರ ಮಂದಿಗೆ ಸಂಶಯ ಬರತದ, ಏನೋ ಮುಚ್ಚಿಟ್ಟಾರ ಅಂತ."

ಮನೆ ತೋರಿಸುವುದು ಮಧ್ಯಾಹ್ನ ನಾಲ್ಕು ಗಂಟೆಗೆ, ಪಶ್ಚಿಮದ ಬಿಸಿಲು ಒಳಗೆಲ್ಲ ಸುರಿಯುವ ಹೊತ್ತಿಗೆ. "ಮೊದ್ಲ ಕುಂದ ತೋರಸಬೇಕು. ಕುಂದ ನೋಡಿನೂ ನಿಂತವ್ರು ವರ್ಷಗಟ್ಟಲೆ ನಿಲ್ಲತಾರ" ಎಂಬುದು ಅವನ ಮಾತು. ಒಮ್ಮೆ ಮಗರಪಟ್ಟಾದಲ್ಲಿ ಕೆಲಸ ಮಾಡುವ ಬೆಂಗಳೂರಿನ ಹುಡುಗನೊಬ್ಬ ಬಂದಿದ್ದ. ಅಣ್ಣ ಅವನಿಗೆ ಬಿಸಿಲು ತೋರಿಸಿದ, ಎದುರು ಮನೆಯ ನಾಯಿ ತೋರಿಸಿದ, ಬೇಸಿಗೆಯಲ್ಲಿ ನೀರು ಸಣ್ಣಗಾಗುವುದನ್ನು ಹೇಳಿದ. ಹುಡುಗ ನಕ್ಕುಬಿಟ್ಟ: "ಅಂಕಲ್, ನೀವು ಮನೆ ಕೊಡೋಕೆ ನಿಂತಿದೀರಾ, ಓಡ್ಸೋಕೆ ನಿಂತಿದೀರಾ?" ಅವನು ನಾಲ್ಕು ವರ್ಷ ಇದ್ದ. ಹೋಗುವಾಗ ಅಣ್ಣನ ಕಾಲಿಗೆ ನಮಸ್ಕಾರ ಮಾಡಿ ಹೋದ.

ಆ ಹುಡುಗ ಬಿಟ್ಟುಹೋದ ಮೇಲೆ, ಅಣ್ಣ ಎಂದಿನಂತೆ ಒಂದು ದಿನದ ಬಾಡಿಗೆದಾರನಾಗಿ ಮೇಲೆ ಇದ್ದು ಬಂದ. ಮುಖ ಸಪ್ಪಗಿತ್ತು. "ಬಚ್ಚಲಿಗೆ ಹತ್ತಿದ ಗ್ವಾಡಿ ಒಳಗ ಅಳಾಕತ್ತದ, ತಂಗಿ. ಪೈಪು ಒಡದದ." ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ, ಅದು ಅವನ ಅಂಗೈಗೆ ಮಾತ್ರ ತಿಳಿದಿತ್ತು. ಮರುದಿನವೇ ಅವನು ಚಿಕ್ಕಪ್ಪನ ಕಣ್ಣಿನ ಆಪರೇಷನ್ನಿಗೆಂದು ಜಮಖಂಡಿಗೆ ಹೊರಡಬೇಕಾಯಿತು. ಹೊಸ್ತಿಲಲ್ಲಿ ನಿಂತು ಹೇಳಿದ: "ಪ್ಲಂಬರ್‌ನ ಕರಸಿ ಗ್ವಾಡಿ ಒಡಸು. ಅದು ಒಣಗೂತನಕ ಯಾರಿಗೂ ಮನಿ ತೋರಸಬ್ಯಾಡ."

ಪ್ಲಂಬರು ಎರಡು ಸಲ ಬರುತ್ತೇನೆಂದು ಹೇಳಿ ಬರಲಿಲ್ಲ. ಗೋಡೆಯ ಮೇಲೆ ಒದ್ದೆಯ ಕಲೆ ಮೂಡತೊಡಗಿತು. ಅಷ್ಟರಲ್ಲಿ ಶಾಲೆಯ ಶಿಕ್ಷಕಿಯೊಬ್ಬರು ಗಂಡನ ಜೊತೆ ಮನೆ ಕೇಳಿಕೊಂಡು ಬಂದರು. ನಾಳೆ ಬನ್ನಿ ಎಂದೆ. ನನಗೊಂದು ಆಸೆ ಇತ್ತು. ಮನೆ ತೋರಿಸುವಾಗ ಅಣ್ಣ ನನ್ನನ್ನು ಎಂದೂ ಮೇಲೆ ಕರೆಯುತ್ತಿರಲಿಲ್ಲ; "ನೀ ಬರಬ್ಯಾಡವಾ, ಎಲ್ಲಾ ಚಂದ ಅಂತನ ಹೇಳತಿ" ಎಂದು ನಗುತ್ತಿದ್ದ. ಈ ಸಲ ನಾನೇ ಬಾಡಿಗೆದಾರರನ್ನು ಹುಡುಕಿದೆ ಎನ್ನಿಸಿಕೊಳ್ಳಬೇಕೆನಿಸಿತು. ಗಿರಾಕಿಯೊಬ್ಬರು ಬೇಡವೆಂದು ಬಿಟ್ಟುಹೋದ ಹಸಿರು ಬಟ್ಟೆ ಇತ್ತು. ಒಂದೇ ದಿನದಲ್ಲಿ ಗೋಡೆಯಗಲದ ಪರದೆ ಹೊಲಿದೆ, ನೆರಿಗೆ ಇಟ್ಟು, ಅಂಚಿಗೆ ಲೇಸು ಹಚ್ಚಿ. ನಾಲ್ಕು ಗಂಟೆಗಲ್ಲ, ಬೆಳಿಗ್ಗೆ ಒಂಬತ್ತಕ್ಕೆ ಕರೆಸಿದೆ, ತಂಪು ಬೆಳಕಿನಲ್ಲಿ. ಶಿಕ್ಷಕಿ ಪರದೆ ಮುಟ್ಟಿ, "ಕಿತೀ ಛಾನ!" ಎಂದರು. ಎಷ್ಟು ಚಂದ ಎಂದು. ನಾಲ್ಕೇ ದಿನದಲ್ಲಿ ಸಾಮಾನು ತಂದರು.

ತಿಂಗಳು ಕಳೆದು ಊರಿಂದ ಬಂದ ಅಣ್ಣ ಚೀಲ ಇಳಿಸುತ್ತಲೇ ಕೇಳಿದ, "ಗ್ವಾಡಿ ಆತೇನು?"

ನಾನು ಮಷೀನಿನಿಂದ ತಲೆ ಎತ್ತದೆ, "ಹೂಂ" ಎಂದೆ.

"ಶಾಣ್ಯಾ ಅದಿ" ಎಂದು ತಲೆ ಸವರಿ ಒಳಗೆ ಹೋದ. ಬಾಡಿಗೆದಾರರು ಬಂದ ಮೇಲೆ ಕರೆಯದೆ ಅವರ ಹೊಸ್ತಿಲು ದಾಟುವವನಲ್ಲ ಅವನು. ಪರದೆಯ ಹಿಂದೆ ನೋಡುವುದು ಅವನಿಂದ ಆಗದ ಮಾತು. ಅದೂ ನನಗೆ ಗೊತ್ತಿತ್ತು.

ಮಳೆಗಾಲದ ನಡುವೆ ಒಂದು ಬೆಳಿಗ್ಗೆ ಶಿಕ್ಷಕಿ ಕೆಳಗೆ ಬಂದರು. ಕೈಯಲ್ಲಿ ಹಳೆಯ ಇಳಕಲ್ ಸೀರೆ, ತೀರಿಹೋದ ತಾಯಿಯದು. ಪರದೆಯ ಹಿಂದೆ ರಟ್ಟಿನ ಡಬ್ಬಿಯಲ್ಲಿ ಇಟ್ಟಿದ್ದ ಸೀರೆಗಳಿಗೆಲ್ಲ ಕರಿ ಬೂಷ್ಟು ಹಿಡಿದಿತ್ತು. ಅವರು ಬೈಯಲಿಲ್ಲ. "ಕಾಕಾ, ತುಮ್ಹೀಸುದ್ಧಾ?" ಎಂದರಷ್ಟೇ. ನೀವೂ ಹೀಗೆ ಮಾಡುವವರೇ ಎಂದು. ಅಣ್ಣ ಕೈ ಮುಗಿದ. ಆಮೇಲೆ ನನ್ನ ಕಡೆ ತಿರುಗಿದ.

"ಗ್ವಾಡಿ ಮಾಡಿಸೀನಿ ಅಂದಿದ್ದೆಲ್ಲ, ತಂಗಿ?"

ಆಗ ನಾನು ಆಡಿದ ಮಾತು ಇದು: "ನಾ ಎಲ್ಲಿ ಅಂದೆ? ಪ್ಲಂಬರ್ ಬಂದಿಲ್ಲ, ನೀ ನೋಡ್ಕೋ ಅಂತ ನೀ ಬಂದ ದಿನಾನ ಹೇಳಿದ್ನೆಲ್ಲ. ಆತು ಅಂದಿ. ಮರ್ತಿ ನೀ."

ಅಣ್ಣನಿಗೆ ಆಗ ಅರವತ್ತೆಂಟು. ನೆಲ ನೋಡುತ್ತ ತನ್ನೊಳಗೇ ಏನನ್ನೋ ಹುಡುಕುತ್ತಿದ್ದ. "ಹಂಗಾದ್ರ ನಂದ ಮರವು" ಎಂದ. ಶಿಕ್ಷಕಿಗೂ ಮರಾಠಿಯಲ್ಲಿ ಅದನ್ನೇ ಹೇಳಿದ: "ವಯಸ್ಸಾತು ಬಾಯಿ, ಮರ್ತುಬಿಟ್ಟೆ." ಸೀರೆಗಳನ್ನು ಕೇಳಿ ಇಸಿದುಕೊಂಡು, ಅಂಟುವಾಳದ ನೀರಿನಲ್ಲಿ ತಾನೇ ಒಗೆದು, ಮಳೆ ನಿಂತಾಗ ಮಾಳಿಗೆಗೆ ಹಾಕಿ, ಹನಿ ಬಿದ್ದಾಗ ಓಡಿ ತಂದು, ನಾಲ್ಕು ದಿನ ಅದೇ ಕೆಲಸ ಮಾಡಿದ. ಕಲೆ ಹೋಗಲಿಲ್ಲ. ತಿಂಗಳ ಕೊನೆಗೆ ಅವರು ಮನೆ ಬಿಟ್ಟರು. ಗೋಡೆಯನ್ನು ಅಣ್ಣನೇ ನಿಂತು ಒಡೆಸಿ ಕಟ್ಟಿಸಿದ.

ಆಮೇಲೆ ಬೀಗದ ಕೈಯನ್ನು ಒಬ್ಬ ಏಜೆಂಟನಿಗೆ ಕೊಟ್ಟುಬಿಟ್ಟ. "ಇನ್ನ ನನ್ನ ಮ್ಯಾಲೆ ನನಗ ಭರೋಸಾ ಇಲ್ಲ" ಎಂದ. ಅಡುಗೆ ಮನೆಯ ಬಾಗಿಲ ಹಿಂದೆ ಸೀಮೆಸುಣ್ಣದ ಖಡುವಿನಿಂದ ಬರೆಯತೊಡಗಿದ: ಗ್ಯಾಸ್ ಬಂದ್, ಹಾಲು ಬಂತು, ಗುಳಿಗೆ ಆಯಿತು. ಬೀಗ ಹಾಕಿ ಓಣಿಯ ತುದಿಯಿಂದ ವಾಪಸು ಬಂದು ಜಗ್ಗಿ ನೋಡುತ್ತಿದ್ದ. ಡಾಕ್ಟರು ಎಲ್ಲ ಕೇಳಿ ನೋಡಿ, ನೆನಪಿಗೇನೂ ಆಗಿಲ್ಲ ಎಂದರು. ಅಣ್ಣ ಅವರನ್ನು ನಂಬಲಿಲ್ಲ. ನನ್ನನ್ನು ನಂಬಿದ್ದ. ಏಜೆಂಟ್ ಮೇಲಿನ ಕೋಣೆಗಳಲ್ಲಿ ಸುವಾಸನೆ ಸಿಂಪಡಿಸಿ, ದೀಪಗಳನ್ನೆಲ್ಲ ಹಾಕಿ ಫೋಟೋ ತೆಗೆದು ಜನರಿಗೆ ಕಳಿಸುತ್ತಿದ್ದ. ಅವರು ಮೆಟ್ಟಿಲು ಹತ್ತುವ ಸದ್ದು ಕೇಳಿದರೆ ಅಣ್ಣ ಹಿಂದಿನ ಕೋಣೆಗೆ ಹೋಗಿ ಕೂರುತ್ತಿದ್ದ. ಹೀಗೆ ಎರಡು ವರ್ಷ. ದಿನವೂ ಹೇಳಬೇಕೆಂದುಕೊಳ್ಳುತ್ತಿದ್ದೆ. ದಿನವೂ ಮಷೀನು ತುಳಿಯುತ್ತಿದ್ದೆ.

ಅಣ್ಣ ಈಗಿಲ್ಲ. ಕಳೆದ ದೀಪಾವಳಿಗೆ ಮುಂಚೆ, ಎರಡು ದಿನದ ಜ್ವರದಲ್ಲಿ, ಯಾರಿಗೂ ತ್ರಾಸು ಕೊಡದೆ ಹೋದ. ಈಗ ಮೇಲಿರುವವರಿಗೆ ಮನೆ ತೋರಿಸಿದವನು ಮಾತ್ರ ಏಜೆಂಟನಲ್ಲ, ಅಣ್ಣನೇ; ನಾಲ್ಕು ಗಂಟೆಗೆ, ಬಿಸಿಲಲ್ಲಿ, ಎದುರು ಮನೆಯ ನಾಯಿಯನ್ನೂ ತೋರಿಸಿ. ಬಾಗಿಲ ಹಿಂದಿನ ಬರಹವನ್ನೂ ಅವನೇ ಒದ್ದೆ ಅರಿವೆಯಿಂದ ಒರೆಸಿದ್ದ. ಅವನು ಹಾಗೆ ಮನೆ ತೋರಿಸುವುದಕ್ಕೆ ಕೆಲವು ದಿನ ಮುಂಚಿನ ಒಂದು ಮಧ್ಯಾಹ್ನ ನನ್ನ ಪಾಲಿಗೆ ಉಳಿದಿದೆ.

ಆಗ ಮೇಲಿನ ಮನೆ ಮತ್ತೆ ಖಾಲಿಯಾಗಿತ್ತು. ಏಜೆಂಟನಿಗೆ ಫೋನು ಮಾಡುವ ಮುಂಚೆ ನಾನು ಟವೆಲು, ಬಕೀಟು, ಸ್ಟೋವು ಹಿಡಿದು ಮೇಲೆ ಹತ್ತಿದೆ. ಸ್ನಾನ ಮಾಡಿದೆ, ಬಟ್ಟೆ ಒಗೆದೆ, ಭಕ್ಕರಿ ಬಡಿದೆ. ಉಣ್ಣಲಾಗಲಿಲ್ಲ. ನಾಲ್ಕರ ಬಿಸಿಲು ಒಳಗೆ ಬಂದಾಗ ಕಿಟಕಿಯಿಂದ ಕೂಗಿದೆ: "ಮಾಲಕರ, ಒಂದ ತಕರಾರ ಅದ್ರಿ!"

ಒಂದೊಂದೇ ಮೆಟ್ಟಿಲು ಹತ್ತುವ ಸಪ್ಪಳ. "ಏನ್ರಿ ಭಾಡೇಕರ, ನಳಾ ಸೋರತದೇನು?" ಎನ್ನುತ್ತ, ಏದುಸಿರು ಬಿಡುತ್ತ, ಎರಡು ವರ್ಷದ ಮೇಲೆ ಅಣ್ಣ ಆ ಬಾಗಿಲಲ್ಲಿ ನಿಂತ.

ನಾನು ಅವನ ಕೈ ಹಿಡಿದು ಬಚ್ಚಲಿಗೆ ಹತ್ತಿದ ಆ ಗೋಡೆಯ ಬಳಿ ಕರೆದೊಯ್ದೆ. ಅಂಗೈ ಅದರ ಮೇಲಿಟ್ಟೆ. ಅವನು ರೂಢಿಯಂತೆ ಕಣ್ಣು ಮುಚ್ಚಿದ. ಅವನು ಕಣ್ಣು ತೆರೆಯುವ ಮೊದಲು ಹೇಳಿದೆ:

"ಅಣ್ಣಾ, ನೀ ಏನೂ ಮರ್ತಿದ್ದಿಲ್ಲ. ಗ್ವಾಡಿ ಆತೇನು ಅಂತ ನೀ ಕೇಳಿದ್ದಿ. ಹೂಂ ಅಂದಾಕಿ ನಾನ. ನಿನ್ನ ನೆನಪು ನೆಟ್ಟಗ ಅದ. ಸುಳ್ಳ ಹೇಳಿದ್ದು ನಾನು. ತಪ್ಪಾತು, ಅಣ್ಣಾ."