ಮುಟ್ಟಿ ಕಣ್ಣಿಗೊತ್ತಿಕೊಂಡವನು

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಕಿಕ್ಕರ್ ಎಂದರೆ ಮದುವೆ ಮನೆಯ ಪುರೋಹಿತನ ಹಾಗೆ. ದಿನವಿಡೀ ಯಾರೂ ಅವನ ಕಡೆ ತಿರುಗಿ ನೋಡುವುದಿಲ್ಲ. ಮುಹೂರ್ತ ತಪ್ಪಿದರೆ ಮಾತ್ರ ಎಲ್ಲರ ಬಾಯಲ್ಲೂ ಅವನೇ. ಗೂಳಿಗಳಂಥ ಆಳುಗಳು ಮೂರು ಗಂಟೆ ಒಬ್ಬರ ಮೇಲೊಬ್ಬರು ಬಿದ್ದು ಹೊರಳಾಡುತ್ತಾರೆ. ಕೊನೆಗೆ ಕೊಳೆಯಾಗದ ಬಟ್ಟೆಯಲ್ಲಿ ಇವನು ಬಂದು, ಚೆಂಡನ್ನು ಎರಡು ಕಂಬಗಳ ನಡುವೆ ಒದ್ದು ಹೋಗಬೇಕು. ನ್ಯೂಜೆರ್ಸಿಯ ಸಮರ್‌ಸೆಟ್‌ನ ವಿಕ್ರಾಂತ್ ಈ ಕೆಲಸಕ್ಕೆ ಬಿದ್ದದ್ದು ಹೈಸ್ಕೂಲಿನಲ್ಲಿ. ಸಾಕರ್ ಆಡುತ್ತಿದ್ದ ಹುಡುಗನ ಬಲಗಾಲನ್ನು ಅಲ್ಲಿನ ಕೋಚ್ ಒಮ್ಮೆ ನೋಡಿದರು, ಮತ್ತೆ ಬಿಡಲಿಲ್ಲ.

ಅವನ ತಂದೆ ನಾಗಲಿಂಗಪ್ಪ ಗದಗಿನ ಕಡೆಯ ಎಂಜಿನಿಯರು. ಮಗ ಅಂಥ ಆಳುಗಳ ನಡುವೆ ನಜ್ಜುಗುಜ್ಜಾಗುತ್ತಾನೆಂದು ಅವರು ವಾರಗಟ್ಟಲೆ ಗೊಣಗಿದರು. ತಾಯಿ ಶೈಲಮ್ಮನ ಚಿಂತೆಯೇ ಬೇರೆ, ಒದೆಯುವ ಕಾಲು ಯಾರಿಗೆ ತಗುಲೀತೋ ಎಂದು. ಆ ಮನೆಯಲ್ಲಿ ಕಾಲು ಯಾರಿಗಾದರೂ ತಗುಲಿದರೆ, ಅದು ತಂಗಿಯೇ ಇರಲಿ, ಪುಸ್ತಕವೇ ಇರಲಿ, ಮುಟ್ಟಿ ಕಣ್ಣಿಗೊತ್ತಿಕೊಳ್ಳದೆ ಮುಂದಿನ ಹೆಜ್ಜೆ ಇಡುವಂತಿರಲಿಲ್ಲ. ಚಿಕ್ಕಂದಿನಲ್ಲಿ ಮರೆತಾಗಲೆಲ್ಲ ಕಿವಿ ಹಿಂಡಿಸಿಕೊಂಡು ಕಲಿತ ಪಾಠ ಅದು. ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದ ವಿಕ್ರಾಂತನ ಮಾತಿನಲ್ಲಿ ಗದಗು ಉಳಿಯದಿದ್ದರೂ ಕೈಯಲ್ಲಿ ಉಳಿಯಿತು.

ಅದರಿಂದ ಕಷ್ಟಕ್ಕೆ ಸಿಕ್ಕಿದವನು ಡಾಮಿನಿಕ್. ಕಿಕ್ಕರ್ ಒಬ್ಬನೇ ಒದೆಯಲಾರ. ಹಿಂದಕ್ಕೆ ಬಂದ ಚೆಂಡನ್ನು ಹಿಡಿದು, ನೆಲಕ್ಕೆ ಮೊಣಕಾಲೂರಿ, ಒಂದು ಬೆರಳಿನಿಂದ ನೆಟ್ಟಗೆ ನಿಲ್ಲಿಸಿಕೊಡುವವನೊಬ್ಬ ಬೇಕು. ಕಾಲೇಜು ತಂಡದಲ್ಲಿ ಆ ಕೆಲಸ ಸೀಕಾಕಸ್‌ನ ಡಾಮಿನಿಕ್‌ನದು. ಅಭ್ಯಾಸದಲ್ಲಿ ವಿಕ್ರಾಂತನ ಬೂಟು ಆಗಾಗ ಅವನ ಬೆರಳಿಗೆ ಸವರಿಕೊಂಡು ಹೋಗುತ್ತಿತ್ತು. ಕೂಡಲೇ ಇವನು ಬಗ್ಗಿ ಆ ಕೈ ಮುಟ್ಟಿ ಕಣ್ಣಿಗೊತ್ತಿಕೊಳ್ಳುವನು. ಮೊದಮೊದಲು ಡಾಮಿನಿಕ್ ಬಿದ್ದು ಬಿದ್ದು ನಕ್ಕ, ಆಮೇಲೆ ಒಗ್ಗಿಹೋದ. ಇದೇನೆಂದು ಅವನು ಒಮ್ಮೆಯೂ ಕೇಳಲಿಲ್ಲ, ವಿಕ್ರಾಂತನೂ ಹೇಳಲಿಲ್ಲ. ಡಾಮಿನಿಕ್‌ಗೆ ಆಟದಲ್ಲಿ ಬೇರೆ ಪಾತ್ರವೇ ಇರಲಿಲ್ಲ. ಚೆಂಡು ನಿಲ್ಲಿಸುವ ಆ ಬೆರಳೇ ಅವನನ್ನು ತಂಡದಲ್ಲೂ, ಆಟದ ವಿದ್ಯಾರ್ಥಿವೇತನದಿಂದ ಕಾಲೇಜಿನಲ್ಲೂ ಉಳಿಸಿತ್ತು.

ಆ ನವೆಂಬರಿನ ದೊಡ್ಡ ಪಂದ್ಯಕ್ಕೆ ಎರಡೂ ಮನೆಯವರು ಬಂದಿದ್ದರು. ಕೊನೆಯ ನಿಮಿಷ, ಇವರ ತಂಡಕ್ಕೆ ಎರಡು ಅಂಕಗಳ ಮುನ್ನಡೆ. ಇನ್ನೊಂದು ಕಿಕ್ ಸೇರಿದರೆ ಗೆಲುವು ಭದ್ರ. ವಿಕ್ರಾಂತ್ ಒದ್ದ. ಚೆಂಡು ಎದುರಾಳಿಯೊಬ್ಬನ ತೋಳಿಗೆ ಬಡಿದು ಹಿಂದಕ್ಕೆ ಪುಟಿಯಿತು. ಹಾಗೆ ತಡೆದ ಚೆಂಡಿಗೆ ಆಟ ನಿಲ್ಲುವುದಿಲ್ಲ, ಅದನ್ನು ಎತ್ತಿಕೊಂಡು ಯಾರು ಬೇಕಾದರೂ ಓಡಬಹುದು, ಮೈದಾನದ ಕೊನೆ ಮುಟ್ಟಿದರೆ ಆರು ಅಂಕ. ಎದುರಾಳಿ ಎತ್ತಿಕೊಂಡು ಓಡಿದ. ಅವನನ್ನು ಅಡ್ಡಗಟ್ಟಲು ಉಳಿದಿದ್ದವನು ವಿಕ್ರಾಂತ್ ಒಬ್ಬನೇ. ಆದರೆ ಅವನ ಬೂಟು ಡಾಮಿನಿಕ್‌ನ ಬೆರಳಿಗೆ ತಗುಲಿತ್ತು. ವಿಕ್ರಾಂತ್ ಬಗ್ಗಿದ. ಅವನು ಮುಟ್ಟಿ, ಕಣ್ಣಿಗೊತ್ತಿಕೊಂಡು, ತಲೆಯೆತ್ತುವಷ್ಟರಲ್ಲಿ ಎದುರಾಳಿ ಪಕ್ಕದಿಂದಲೇ ದಾಟಿ ಹೋಗಿದ್ದ. ಕ್ಯಾಮೆರಾಗಳು ಅವನ ಬೆನ್ನು ಹತ್ತಿದ್ದರಿಂದ ಇವನ ಕೈ ಎಲ್ಲಿಗೆ ಹೋಯಿತೆಂಬುದು ಯಾವ ವಿಡಿಯೋದಲ್ಲೂ ಇಲ್ಲ.

ಸೋತು ಒಳಗೆ ಬಂದಾಗ ಕೋಚ್ ಎಲ್ಲರೆದುರು ಕೇಳಿದರು, ಚೆಂಡು ಹೋಗುತ್ತಿದ್ದರೆ ನೀನು ನೆಲದಲ್ಲಿ ಏನು ಹುಡುಕುತ್ತಿದ್ದೆ ಎಂದು. ನಿಜ ಹೇಳಲು ಒಂದೇ ವಾಕ್ಯ ಸಾಕಿತ್ತು. ಆದರೆ ಅಷ್ಟು ಜನ ದೈತ್ಯರ ನಡುವೆ ನಿಂತು, ನಮ್ಮಮ್ಮ ಕಲಿಸಿದ ನಮಸ್ಕಾರ ಮಾಡುತ್ತಿದ್ದೆ ಎನ್ನಲು ಅವನಿಗೆ ನಾಚಿಕೆಯಾಯಿತು. ಬದಲಿಗೆ, ಡಾಮಿನಿಕ್ ನೋವಿನಿಂದ ಕೂಗಿದ, ಅವನ ಬೆರಳು ಮುರಿಯಿತೇನೋ ಎಂದು ನಾನು ಬಗ್ಗಿದೆ ಎಂದುಬಿಟ್ಟ. ಇಷ್ಟೇ ಅವನು ಮಾಡಿದ್ದು, ಒಂದು ಸಣ್ಣ ಸುಳ್ಳು. ಡಾಮಿನಿಕ್ ತನ್ನ ಬೆರಳು ನೋಡಿಕೊಂಡ, ನಾನು ಕೂಗಿದೆನಾ ಎಂದು ಮೆಲ್ಲಗೆ ಕೇಳಿದ. ಗೆಳೆಯ ಹೇಳುತ್ತಿದ್ದಾನೆಂದ ಮೇಲೆ ಕೂಗಿರಲೇಬೇಕು ಎಂದು ತನ್ನ ನೆನಪನ್ನೇ ತಿದ್ದಿಕೊಂಡ. ಹೊರಗೆ ಬರುವಾಗ ವಿಕ್ರಾಂತನ ಹೆಗಲ ಮೇಲೆ ಕೈಯಿಟ್ಟು ಕ್ಷಮೆಯನ್ನೂ ಕೇಳಿದ. ಬೈದಿದ್ದರೆ ಎಷ್ಟೋ ಮೇಲಾಗಿತ್ತು.

ಬೆರಳಿಗೆ ಬೂಟು ಸವರಿದ್ದಕ್ಕೇ ಆಟದ ನಡುವೆ ಕೂಗುವವನು ತಂಡಕ್ಕೆ ಬೇಡವೆಂದಾಯಿತು. ಮುಂದಿನ ವರ್ಷ ಡಾಮಿನಿಕ್‌ನ ಜಾಗಕ್ಕೆ ಬೇರೊಬ್ಬ ಬಂದ. ಡಾಮಿನಿಕ್ ಕಾಲೇಜು ಬಿಟ್ಟು ಊರಿನ ಗೋದಾಮೊಂದರಲ್ಲಿ ಕೆಲಸಕ್ಕೆ ಸೇರಿದ. ವಿಕ್ರಾಂತ್ ಮಾತ್ರ ಒದೆಯುತ್ತಲೇ ಹೋದ. ಒಂದು ದೊಡ್ಡ ತಂಡದ ಆಯ್ಕೆಯಲ್ಲಿ ಕೊನೆಯವರೆಗೆ ಉಳಿದರೂ ಜಾಗ ಸಿಗಲಿಲ್ಲ. ಆಮೇಲೆ ಯಾರೂ ಹೆಸರು ಕೇಳದ ಒಂದು ಲೀಗಿನಲ್ಲಿ ಒಂದೆರಡು ವರ್ಷ ಆಡಿದ. ಕೊನೆಗೆ ಎಲ್ಲರಂತೆ ಜರ್ಸಿ ಸಿಟಿಯಲ್ಲಿ ಐಟಿ ಕೆಲಸ ಹಿಡಿದ. ದಿನಾ ಟ್ರೈನು ಸೀಕಾಕಸ್‌ನಲ್ಲಿ ನಿಂತಾಗ ಫೋನಿನೊಳಗೆ ತಲೆ ತಗ್ಗಿಸುವುದು ಅವನಿಗೆ ರೂಢಿಯಾಯಿತು. ಡಾಮಿನಿಕ್ ಹತ್ತಿಬಿಟ್ಟರೆ ಎಂಬ ಹೆದರಿಕೆ.

ಇಷ್ಟಾದರೂ ಸುಮ್ಮನಿದ್ದುಬಿಡುತ್ತಿದ್ದನೋ ಏನೋ. ಆದರೆ ಕೋಚ್‌ಗೆ ಹೇಳಿದ ಆ ಮಾತು ಎಲ್ಲರ ಕಿವಿಗೂ ಬಿದ್ದಿತ್ತು, ಈ ಸಲ ಕನ್ನಡ ಕೂಟದವರಿಗೆ ರಾಜ್ಯೋತ್ಸವದಲ್ಲಿ ಅವನಿಗೆ ಶಾಲು ಹೊದಿಸುವ ಉತ್ಸಾಹ ಬಂತು. ಅಧ್ಯಕ್ಷ ಚಂದ್ರಶೇಖರ ಅಂಕಲ್ ಮನೆಗೇ ಬಂದು, ತಾವು ಬರೆದ ಪರಿಚಯ ಭಾಷಣವನ್ನು ರಾಗವಾಗಿ ಓದಿದರು. ಗೆಲುವು ಕೈಯಲ್ಲಿದ್ದಾಗಲೂ ನೊಂದ ಗೆಳೆಯನಿಗಾಗಿ ಬಗ್ಗಿದ ಕನ್ನಡದ ಕುವರ ಎಂದು ಅದರಲ್ಲಿತ್ತು. ನಾಗಲಿಂಗಪ್ಪನವರ ಕಣ್ಣು ತುಂಬಿತು. ವಿಕ್ರಾಂತ್ ಕಚ್ಚಲು ಎತ್ತಿದ ಚಕ್ಕುಲಿಯನ್ನು ಮರಳಿ ತಟ್ಟೆಗೆ ಇಟ್ಟ.

ಅಂಕಲ್ ಹೋದ ಮೇಲೆ ಅಡುಗೆಮನೆಯಲ್ಲಿ ಶೈಲಮ್ಮ ಲೋಟ ತೊಳೆಯುತ್ತ, ತಿರುಗಿ ನೋಡದೆ ಹೇಳಿದಳು.

"ಆ ಹುಡುಗ ಚೀರಿಲ್ಲ, ವಿಕ್ರಾಂತ. ಪೆಟ್ಟು ನೋಡಾಕ ಬಗ್ಗೋದು ಬ್ಯಾರೆ, ನಮಸ್ಕಾರಕ್ಕ ಬಗ್ಗೋದು ಬ್ಯಾರೆ. ನೀ ಕಣ್ಣಿಗೆ ಒತ್ತಿಕೊಂಡಿದ್ದು ನಾ ನೋಡೇನಿ."

ಅವನು ಅಪರೂಪಕ್ಕೆ ಕನ್ನಡದಲ್ಲೇ ಕೇಳಿದ. "ಮತ್ತ ಇಷ್ಟು ವರ್ಷ ಯಾಕ ಸುಮ್ಮನಿದ್ದಿ, ಅವ್ವಾ?"

"ಕಲಿಸಿದಾಕಿ ನಾನ ಅಲ್ಲೇನು? ನನ್ನ ಸಲುವಾಗಿ ನೀ ಸೋತಿ ಅಂತ ಅಂಜಿ ಕುಂತೆ. ನೀನರ ಒಂದು ದಿನ ಹೇಳ್ತಿ ಅಂತ ದಾರಿ ನೋಡಿದೆ."

ತಾನು ಒಬ್ಬನೇ ಹೊತ್ತಿದ್ದೇನೆಂದುಕೊಂಡಿದ್ದ ಭಾರವನ್ನು ತಾಯಿಯೂ ಹೊತ್ತಿದ್ದಳು. ವಿಕ್ರಾಂತ್ ಶಾಲು ಬೇಡವೆಂದು ಅಂಕಲ್‌ಗೆ ಫೋನ್ ಮಾಡಿದ. ಆ ಭಾನುವಾರ ಸೀಕಾಕಸ್‌ಗೆ ಡ್ರೈವ್ ಮಾಡಿಕೊಂಡು ಹೋದ.

ಡಾಮಿನಿಕ್ ಮನೆಯ ಮುಂದೆ ಎಲೆ ಗುಡಿಸುತ್ತಿದ್ದ. ಇವನನ್ನು ಕಂಡು ಹಿಗ್ಗಿ ತಬ್ಬಿಕೊಂಡ. ವಿಕ್ರಾಂತ್ ಅಲ್ಲೇ ನಿಂತು ಒಂದೇ ಉಸಿರಿಗೆ ಹೇಳಿದ. ನೀನು ಕೂಗಲಿಲ್ಲ, ನಾಚಿಕೆಗೆ ನಾನು ಸುಳ್ಳು ಹೇಳಿದೆ, ನಿನ್ನ ಜಾಗ ಹೋಗುವಾಗಲೂ ಬಾಯಿ ಬಿಡಲಿಲ್ಲ. ಡಾಮಿನಿಕ್ ಗುದ್ದುತ್ತಾನೆಂದು ಕಾದ. ಡಾಮಿನಿಕ್ ಕಸಬರಿಕೆಯನ್ನು ಗೋಡೆಗೆ ಒರಗಿಸಿ, ಒಳಗೆ ಬಾ, ಇದನ್ನು ನಮ್ಮಮ್ಮನ ಮುಂದೆ ಹೇಳು ಎಂದಷ್ಟೇ ಅಂದ.

ಆ ತಾಯಿ ವಿಕ್ರಾಂತನನ್ನು ಕಂಡ ಕೂಡಲೇ ಗುರುತು ಹಿಡಿದರು. ಅವನ ಎರಡೂ ಕೈ ಹಿಡಿದುಕೊಂಡು, ಅಷ್ಟು ದೊಡ್ಡ ಮೈದಾನದಲ್ಲಿ ನನ್ನ ಮಗನ ಕೈ ನೋಡಲು ಬಗ್ಗಿದವನು ನೀನೊಬ್ಬನೇ ಎಂದರು. ಗಂಡನೂ ಅದನ್ನೇ ಹೇಳುತ್ತಿದ್ದರಂತೆ. ಆದರೆ ಒಂದು ಬೆರಳಿನ ನೋವು ತಡೆಯಲಾರದ ಮಗನೆಂದು ಅವರಿಗೆ ಎಂಥ ಅವಮಾನವೆಂದರೆ, ಆಮೇಲೆ ಡಾಮಿನಿಕ್ ಜೊತೆ ಕೂತು ಒಂದು ಪಂದ್ಯವನ್ನೂ ಅವರು ನೋಡಲಿಲ್ಲವಂತೆ. ವಿಕ್ರಾಂತ್ ಡಾಮಿನಿಕ್‌ನತ್ತ ನೋಡಿದ. ಡಾಮಿನಿಕ್ ನೆರವಿಗೆ ಬರಲಿಲ್ಲ.

ವಿಕ್ರಾಂತ್ ಏನನ್ನೂ ಮುಚ್ಚಿಡದೆ ಇನ್ನೊಮ್ಮೆ ಎಲ್ಲವನ್ನೂ ಹೇಳಿದ. ಆಕೆ ಹಿಡಿದ ಕೈಯನ್ನು ನಿಧಾನವಾಗಿ ಬಿಟ್ಟರು. ಮಗನ ಮುಖ ನೋಡಿದರು, ಗೋಡೆಯ ಪಕ್ಕದ ಖಾಲಿ ಕುರ್ಚಿಯನ್ನು ನೋಡಿದರು. ದನಿಯಲ್ಲಿ ಸಿಟ್ಟೇ ಇರಲಿಲ್ಲ.

"ಇದನ್ನು ಹೋದ ವರ್ಷ ಬಂದು ಹೇಳಬಹುದಿತ್ತಲ್ಲ, ಮಗು. ಆಗ ಅವರಿದ್ದರು."