ವೀರಪ್ಪ ಉಜ್ಜಿಕೊಟ್ಟ ನಂಬರು

ಕಾರಿನ ಎಂಜಿನ್ ಬದಲಾಯಿಸಿದರೆ ಆರ್.ಸಿ.ಯಲ್ಲಿರುವ ಎಂಜಿನ್ ನಂಬರನ್ನೂ ಬದಲಾಯಿಸಬೇಕು. ಇದು ಕಾನೂನು. ಗೊತ್ತಿಲ್ಲದವರು ಸುಮ್ಮನಿರುತ್ತಾರೆ, ಗೊತ್ತಿದ್ದವರು ‘ಆಮೇಲೆ ಮಾಡಿಸಿದರಾಯಿತು’ ಎನ್ನುತ್ತಾರೆ. ಶಿರಸಿಯ ಯಲ್ಲಾಪುರ ರಸ್ತೆಯಲ್ಲಿ ಗ್ಯಾರೇಜಿಟ್ಟಿದ್ದ ವೀರಪ್ಪನನ್ನು ಮುಗಿಸಿದ್ದು ಆ ‘ಆಮೇಲೆ’.

ಬನವಾಸಿ ಕಡೆಯ ವೀರಪ್ಪ ಏಳನೇ ಇಯತ್ತೆಗೆ ಶಾಲೆ ಬಿಟ್ಟು ಸ್ಪ್ಯಾನರ್ ಹಿಡಿದವನು. ಅವನದೊಂದು ಪದ್ಧತಿಯಿತ್ತು. ಯಾವ ಎಂಜಿನ್ ಕೂರಿಸಿದರೂ ಅದರ ನಂಬರಿನ ಮೇಲೆ ತೆಳು ಕಾಗದವಿಟ್ಟು, ಪೆನ್ಸಿಲ್ಲಿನಿಂದ ಉಜ್ಜಿ ಅಚ್ಚು ತೆಗೆದು ಮಾಲೀಕನ ಕೈಗೆ ಕೊಡುತ್ತಿದ್ದ. ಪಕ್ಕದ ಟೈರ್ ಅಂಗಡಿಯ ಆನಂದ ಕಿಚಾಯಿಸುತ್ತಿದ್ದ: “ಏನ್ ವೀರಪ್ಪಣ್ಣಾ, ಎಂಜಿನ್ನಿಗೂ ಜಾತಕ ಬರೆಯೂಕೆ ಶುರು ಮಾಡಿದ್ಯಾ?”

ನಾಲ್ಕು ವರ್ಷದ ಹಿಂದೆ ವಾನಳ್ಳಿಯ ವಿಘ್ನೇಶ್ವರ ಹೆಗಡೆಯವರ ಸಣ್ಣ ಕಾರು ದೇವಿಮನೆ ಘಟ್ಟದಲ್ಲಿ ನೀರು ಸೋರಿ, ಕಾದು, ಎಂಜಿನ್ ಹಿಡಿದುಕೊಂಡು ನಿಂತಿತು. ಕಟ್ಟಿ ಎಳೆದು ತಂದರು. ಗ್ಯಾರೇಜು ತೆರೆದ ದಿನ ಮೊದಲು ಗಾಡಿ ತಂದು ನಿಲ್ಲಿಸಿದವರು ಈ ಹೆಗಡೆಯವರೇ. ವೀರಪ್ಪನಿಗೆ ಆ ಋಣ ನೆನಪಿತ್ತು.

“ಇದನ್ನ ಬೋರ್ ಮಾಡಿಸಿ ಹೊಸ ಪಿಸ್ಟನ್ ಹಾಕೂದು ಚೊಲೋರಿ,” ಎಂದ. “ನಿಮ್ಮ ಎಂಜಿನ್ನೂ ಉಳಿತೈತಿ, ನಂಬರೂ ಉಳಿತೈತಿ. ಹುಬ್ಬಳ್ಳಿಗೆ ಕಳಿಸಬೇಕು. ಮೂರು ವಾರ ಹಿಡೀತೈತ್ರಿ.”

“ಮೂರು ವಾರವಾ? ಎಂತದು ಮಾರಾಯ ನೀನು! ಮಗಳು ಅಭಿಜ್ಞಾಳ ಮದುವೆಗೆ ಇನ್ನು ಇಪ್ಪತ್ತೇ ದಿನ. ಕರೆಯಲಿಕ್ಕೆ ಅರ್ಧ ಸೀಮೆ ಬಾಕಿ ಉಂಟು.”

ಮದುವೆಗೆ ಮನೆಮನೆಗೆ ಹೋಗಿ, ಕುಂಕುಮ ಕೊಟ್ಟು ಕರೆಯಬೇಕು. ಬರೀ ಫೋನಿನಲ್ಲಿ ಹೇಳಿದರೆ ಅಡುಗೆ ಮಾಡಿಟ್ಟರೂ ಜನ ಬರುವುದಿಲ್ಲ; ಬಂದವರು ಅದನ್ನೇ ಹತ್ತು ವರ್ಷ ಆಡುತ್ತಾರೆ. ಸಿದ್ದಾಪುರದಿಂದ ಯಲ್ಲಾಪುರದವರೆಗೆ ಹರಡಿಕೊಂಡ ನೆಂಟರನ್ನು ಕಾರಿಲ್ಲದೆ ಮುಗಿಸುವುದು ಹೇಗೆ?

“ದೊಡ್ಡ ಕಾರಿನ ಎಂಜಿನ್ನೇ ಇದಕ್ಕೆ ಕೂರ್ತದೆ ಹೇಳಿ ಯಾರೋ ಅಂದ್ರಲ್ಲ? ಘಟ್ಟವನ್ನ ಮೂರನೇ ಗೇರಲ್ಲೇ ಹತ್ತಿಬಿಡಬಹುದು.”

“ಹತ್ತತೀರಿ. ಇಳಿಯೂದು ಹೆಂಗ್ರಿ? ಬ್ರೇಕು ಸಣ್ಣ ಕಾರಿಂದೇ ಐತಲ್ಲ. ಮದಿವಿಗೆ ಕರೆಯಾಕ ಹೊಂಟವ್ರು ನಮ್ಮನ್ನ ಹದಿಮೂರನೇ ದಿನದ ತಿಥಿ ಊಟಕ್ಕ ಕರೆಸಬ್ಯಾಡ್ರಿ.”

ಹೆಗಡೆಯವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ಮುಗಿಯುವಷ್ಟರಲ್ಲಿ ತೀರ್ಮಾನವೂ ಆಗಿತ್ತು. ಹುಬ್ಬಳ್ಳಿ ಗುಜರಿಯಲ್ಲಿ, ಹಿಂಬದಿ ಜಜ್ಜಿಹೋದ ಅದೇ ಮಾದರಿಯ ಕಾರೊಂದಿತ್ತು. ಅದರ ಎಂಜಿನ್, ಕಾಗದ ಸಮೇತ. ಮೂರನೇ ದಿನಕ್ಕೆ ವೀರಪ್ಪ ಕೂರಿಸಿದ.

“ಮೊದ್ಲು ನಂಬರ್ ಬರೆಸ್ರಿ, ಆಮ್ಯಾಲೆ ಗಾಡಿ ಒಯ್ಯಿರಿ.”

“ಮದುವೆಯೊಂದು ಮುಗೀಲಿ ವೀರಪ್ಪ. ನಾನೆಲ್ಲಿ ಓಡಿಹೋಗ್ತೆ?”

ವೀರಪ್ಪ ಪೆನ್ಸಿಲ್ ಅಚ್ಚನ್ನೂ ಗುಜರಿಯ ಕಾಗದವನ್ನೂ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ ತಾನೇ ಇಟ್ಟ. ಇಟ್ಟ ಕೈಯಿಂದಲೇ ಕೀಲಿಯನ್ನೂ ಕೊಟ್ಟ. ಮದುವೆಯೂಟಕ್ಕೆ ಹೋದಾಗ ಕೇಳಿದ. “ಅಡಿಕೆ ಕೊಯ್ಲು ಮುಗೀಲಿ” ಎಂದರು. ಕೊಯ್ಲು ಮುಗಿದ ಮೇಲೆ ಕೇಳಿದ. “ಮಾಡಿಸ್ತೆ ಮಾರಾಯ” ಎಂದರು. ಮೂರನೆಯ ಸಲ ಕೇಳಲು ಅವನಿಗೇ ನಾಚಿಕೆಯಾಯಿತು.

ಎರಡು ವರ್ಷ ಕಳೆದು ಅದೇ ಕಾರು ಎಣ್ಣೆ ಬದಲಾಯಿಸಲು ಗ್ಯಾರೇಜಿಗೆ ಬಂತು. ಇಳಿದವಳು ಎಕ್ಕಂಬಿಯ ದಾಕ್ಷಾಯಿಣಿ. ಹಿಂದಿನ ಸೀಟಿನ ತುಂಬ ಸೀರೆಗಂಟು. ಊರೂರು ತಿರುಗಿ ಸೀರೆ ಮಾರುವ ಹೆಂಗಸು. ಹೆಗಡೆಯವರು ಏಜೆಂಟನ ಕಡೆಯಿಂದ ಮಾರಿದ ಕಾರನ್ನು ಕೊಂಡಿದ್ದಳು. ಯಾರೂ ಬಾನೆಟ್ ಎತ್ತಿ ನೋಡಿರಲಿಲ್ಲ.

“ಎಂಜಿನ್ ಹೆಂಗೈತ್ರಿ ಅಣ್ಣಾರ?” ಎಂದು ಕೇಳಿದಳು.

ವೀರಪ್ಪ ಬಾಯಿ ತೆರೆದ. ಹೆಗಡೆಯವರ ಮುಖ ಕಣ್ಣೆದುರು ಬಂತು. “ಚೊಲೋ ಐತಿ ತಂಗಿ,” ಎಂದ. ಹೇಳಿದ್ದು ನಿಜವೇ. ಹೇಳಬೇಕಾದದ್ದು ಅದಲ್ಲ.

ಹೋದ ಮಳೆಗಾಲದಲ್ಲಿ, ಎಕ್ಕಂಬಿಯ ರಸ್ತೆ ಬದಿಗೆ ನಿಲ್ಲಿಸಿದ್ದ ಆ ಕಾರಿನ ಮೇಲೆ ಮತ್ತಿಮರ ಉರುಳಿತು. ತಗಡು ಅಪ್ಪಚ್ಚಿ. ವಿಮೆಯವನು ಬಂದ, ಬಾನೆಟ್ ಮೀಟಿ ತೆಗೆಸಿದ, ನಂಬರ್ ನೋಡಿದ, ಆರ್.ಸಿ.ಗೆ ಹೊಂದುವುದಿಲ್ಲ ಎಂದು ತಲೆಯಾಡಿಸಿದ. ಮರ ಬಿದ್ದದ್ದಕ್ಕೂ ಎಂಜಿನ್ನಿಗೂ ಏನು ಸಂಬಂಧ ಎಂದು ದಾಕ್ಷಾಯಿಣಿ ಗೋಗರೆದಳು. ವಿಮೆ ಮಾಡಿಸಿದ ಕಾರೇ ಇದಲ್ಲ ಎಂಬ ಉತ್ತರ ಬಂತು. ಏಜೆಂಟ್ ಫೋನ್ ಎತ್ತಲಿಲ್ಲ. ಹೆಗಡೆಯವರು, “ನಂಗೆಂತ ಗೊತ್ತು? ಎಂಜಿನ್ ಹಾಕಿದವನನ್ನ ಕೇಳು,” ಎಂದರು.

ಕೇಳಲೆಂದೇ ಬಂದಳು. ಕೈಯಲ್ಲಿ ಡ್ಯಾಶ್‌ಬೋರ್ಡಿನಿಂದ ತೆಗೆದ, ಮಳೆಯಲ್ಲಿ ನೆನೆದ ಆ ಪೆನ್ಸಿಲ್ ಅಚ್ಚು.

“ಇದು ನಿಮ್ಮ ಕೈಯಿಂದ್ರಿ?”

“ಹೌದು.”

“ನಾ ಕೇಳಿದಾಗ ಗೊತ್ತಿತ್ರಿ?”

“ಗೊತ್ತಿತ್ತು ತಂಗಿ.”

“ಮತ್ತ ಅವತ್ತ ಬಾಯಾಗ ಏನ್ ಇಟ್ಕೊಂಡಿದ್ರಿ?”

ವೀರಪ್ಪ ಒಂದು ಹಾಳೆ ತೆಗೆದುಕೊಂಡ. ಯಾರ ಎಂಜಿನ್, ಯಾವತ್ತು, ಯಾರು ಹೇಳಿ ಹಾಕಿಸಿದ್ದು ಎಲ್ಲವನ್ನೂ ಬರೆದು ರುಜು ಹಾಕಿ ಕೊಟ್ಟ. ಅದರಿಂದ ಅವಳಿಗೆ ಕಾಸಿನ ಉಪಯೋಗವಾಗಲಿಲ್ಲ. ಎಂಜಿನ್ ಬದಲಾಗಿದ್ದು ಖಾತ್ರಿಯಾಯಿತು, ಅಷ್ಟೇ. ಇವತ್ತು ಅವಳು ಸೀರೆಗಂಟನ್ನು ತಲೆಯ ಮೇಲಿಟ್ಟು ಬಸ್ಸು ಹತ್ತುತ್ತಾಳೆ.

ಪೇಟೆಗೆ ಮಾತ್ರ ಸಿಟ್ಟು ಬಂದದ್ದು ವೀರಪ್ಪನ ಮೇಲೆ. ಸುಮ್ಮನಿದ್ದ ತಪ್ಪಿಗಲ್ಲ, ಬಾಯಿ ಬಿಟ್ಟ ತಪ್ಪಿಗೆ. “ಗಿರಾಕಿ ಹೆಸರು ಬರೆದುಕೊಟ್ಟ ಮನುಷ್ಯ,” ಎಂದು ಹಳೆಯ ಗಿರಾಕಿಗಳು ಗಾಡಿ ತಿರುಗಿಸಿಕೊಂಡು ಹೋದರು. ಅವರಲ್ಲಿ ಎಷ್ಟು ಜನರ ಬಾನೆಟ್ಟಿನಡಿ ಯಾರ ಎಂಜಿನ್ ಇದೆಯೋ! ಗ್ಯಾರೇಜಿಗೆ ಬೀಗ ಬಿತ್ತು. ಐವತ್ತನಾಲ್ಕರ ವೀರಪ್ಪ ಈಗ ಯಲ್ಲಾಪುರದಲ್ಲಿ ಬೇರೆಯವರ ಕೈಕೆಳಗೆ ಪಂಕ್ಚರ್ ಹಾಕುತ್ತಾನೆ. ಎಂಜಿನ್ ಮುಟ್ಟುವುದಿಲ್ಲ. ಹೆಗಡೆಯವರನ್ನು ಇಂದಿಗೂ ಎಲ್ಲ ಮದುವೆಗಳಿಗೂ ಮನೆಗೇ ಬಂದು ಕರೆಯುತ್ತಾರೆ.

ಅಯ್ಯೋ ಪಾಪ ಎನ್ನಬೇಡಿ. ಎದ್ದು ಹೊರಗೆ ಹೋಗಿ. ನಿಮ್ಮ ಕಾರಿನ ಬಾನೆಟ್ ಎತ್ತಿ, ಎಣ್ಣೆಮಸಿ ಒರೆಸಿ, ನಂಬರ್ ಓದಿ, ಆರ್.ಸಿ.ಯನ್ನು ಪಕ್ಕದಲ್ಲಿಟ್ಟು ನೋಡಿ. ಹೊಂದದಿದ್ದರೆ ನಾಳೆ ಬೆಳಿಗ್ಗೆಯೇ ಆರ್.ಟಿ.ಓ. ಕಚೇರಿಗೆ ಹೋಗಿ ಬರೆಸಿ. ಅಲ್ಲಿಯವರೆಗೆ ಆ ಕಾರನ್ನು ಯಾವ ದಾಕ್ಷಾಯಿಣಿಗೂ ಮಾರಬೇಡಿ.