ನಮ್ಮ ಡಾಕ್ಟರು ಎಲೆಕ್ಷನ್‌ಗೆ ನಿಂತದ್ದು

ಮಹಾಂತಿ ಡಾಕ್ಟರು ಮೊದಲು ಮುಖ ನೋಡುತ್ತಿರಲಿಲ್ಲ. ಜ್ವರ ಅಂತ ಹೋದರೂ ಕೈ ಹಿಡಿದು ಬೆರಳು ಎಣಿಸುತ್ತಿದ್ದರು. "ಹತ್ತೂ ಅದಾವ. ಛಲೋ ಆತು. ಈಗ ಹೇಳು, ಏನಾಗೇದ?"

ಅವರು ಒಡಿಶಾದವರು. ದಾಸರಹಳ್ಳಿಯಲ್ಲಿ ಹದಿನೈದು ವರ್ಷ ಕ್ಲಿನಿಕ್ ಇಟ್ಟಿದ್ದರು. ಬರುವವರೆಲ್ಲ ಪೀಣ್ಯದ ಫ್ಯಾಕ್ಟರಿ ಶೆಡ್ಡುಗಳಲ್ಲಿ ದುಡಿಯುವ ನಮ್ಮ ರಾಯಚೂರು, ಕೊಪ್ಪಳದ ಕಡೆಯವರು. ಕನ್ನಡ ಕಲಿತದ್ದು ನಮ್ಮಿಂದಲೇ. ಹಾಲಿನಂಗಡಿಯವನು, "ಸಾರ್, ನೀವು ರಾಯಚೂರೋರಾ?" ಅಂತ ಕೇಳಿದ್ದನ್ನು ವಾರಗಟ್ಟಲೆ ಹೇಳಿಕೊಂಡು ನಕ್ಕರು.

ಪ್ರೆಸ್ ಮೆಷಿನ್ ನನ್ನ ಎರಡು ಬೆರಳು ತೆಗೆದ ದಿನ ಸೂಪರ್‌ವೈಸರ್ ಜೊತೆಗೆ ಬಂದ. "ಮೆಟ್ಟಿಲ ಮೇಲೆ ಬಿದ್ಬಿಟ್ಟ ಸಾರ್. ಹಂಗೇ ಬರ್ಕೊಳಿ" ಅಂದ.

"ಮೆಟ್ಟಲಕ್ಕ ಹಲ್ಲು ಅದಾವೇನಪಾ?" ಅಂದರು ಡಾಕ್ಟರು. ಚೀಟಿಯಲ್ಲಿ ಪ್ರೆಸ್ ಮೆಷಿನ್ ಅಂತಲೇ ಬರೆದರು. ಆ ಚೀಟಿ ಇದ್ದದ್ದಕ್ಕೆ ನನ್ನನ್ನು ಕೆಲಸದಿಂದ ತೆಗೆಯಲು ಆಗಲಿಲ್ಲ.

ಕೈ ತುಂಡಾದವರಿಗೆ ಹತ್ತಿರದಲ್ಲೇ ಆಸ್ಪತ್ರೆ ಬೇಕು ಅಂತ ಅವರು ಸರ್ಕಾರಕ್ಕೆ ಕಾಗದ ಬರೆಯುತ್ತಲೇ ಇದ್ದರು. ಉತ್ತರ ಬರಲಿಲ್ಲ. ವಿಧಾನಸಭೆ ಚುನಾವಣೆ ಬಂತು. ಒಂದು ಭಾನುವಾರ ನಮ್ಮನ್ನೆಲ್ಲ ಕ್ಲಿನಿಕ್ ಮುಂದೆ ಕೂರಿಸಿದರು.

"ಕಾಗದ ಬರದು ಸಾಕಾತು. ವಿಧಾನಸೌಧದಾಗ ಹೋಗಿ ಕೇಳ್ತೀನಿ. ಇಲ್ಲಿ ಓಟು ಇದ್ದವ್ರು ಕೈ ಎತ್ರಿ. ನೀವು ಹೂಂ ಅಂದ್ರಷ್ಟ ನಿಂದ್ರತೀನಿ."

ಮೊದಲು ಕೈ ಎತ್ತಿದವನು ನಾನು.

ರೂಮಿನ ಗೆಳೆಯ ಬಸ್ಯಾ ತಿವಿದ. "ಲೇ, ನಿನ್ನ ಓಟು ಲಿಂಗಸೂಗೂರಾಗ ಐತಲ್ಲೋ."

"ಸುಮ್ಕಿರಲೇ. ಅವ್ರ ಮಾರಿ ನೋಡು."

"ನಂದೂ ಅಲ್ಲೇ ಐತಿ" ಅನ್ನುತ್ತಾ ಅವನೂ ಎತ್ತಿದ. ಆಮೇಲೆ ಎಲ್ಲರೂ ಎತ್ತಿದರು.

ಮೆರವಣಿಗೆಗೆ ರಸ್ತೆ ಸಾಲಲಿಲ್ಲ. ಓಟಿನ ದಿನ ಡಾಕ್ಟರು ಬೂತಿನಿಂದ ಬೂತಿಗೆ ನಡೆದು ನಮ್ಮನ್ನು ಹುಡುಕಿದರಂತೆ. ನಾವು ರೂಮಿನ ಬಾಗಿಲು ಹಾಕಿಕೊಂಡು ಕೂತಿದ್ದೆವು. ಅವರ ಠೇವಣಿ ಹೋಯಿತು.

ಕ್ಲಿನಿಕ್ ಮತ್ತೆ ತೆರೆಯಲಿಲ್ಲ. ಅವರು ಊರಿಗೆ ಹೊರಟ ದಿನ ಸಾಮಾನು ಕಟ್ಟಿಕೊಡಲು ಹೋದೆ. ಹಗ್ಗ ಬಿಗಿಯುತ್ತಾ ಕೇಳಿದರು: "ಖರೇ ಹೇಳು. ನನ್ನಿಂದ ಏನ್ ತಪ್ಪಾತು? ಅಷ್ಟು ಮಂದಿ ಕೈ ಎತ್ತಿದ್ರಿ. ಒಬ್ರೂ ಯಾಕ ಬರಲಿಲ್ಲ?"

ನಮಗೆ ಇಲ್ಲಿ ಓಟೇ ಇಲ್ಲ ಅಂತ ಹೇಳಿದ್ದರೆ ಮುಗಿಯುತ್ತಿತ್ತು. ನಾಚಿಕೆ ಬಿಡಲಿಲ್ಲ.

"ನಾ ಬಂದಿದ್ನಿರಿ. ನಿಮಗ ಹಾಕೀನಿ" ಅಂದೆ.

"ನೀನಾದ್ರೂ ಬಂದಿ, ತಮ್ಮಾ" ಅಂದು ಬೆನ್ನು ತಟ್ಟಿದರು.

ಎರಡು ವರ್ಷದ ಮೇಲೆ ಅವರು ತೀರಿಕೊಂಡ ಸುದ್ದಿ ಬಂತು. ನಾನೊಬ್ಬ ಹಾಕಿದೆ, ಉಳಿದವರೆಲ್ಲ ಕೈಬಿಟ್ಟರು ಅಂತಲೇ ತಿಳಿದು ಹೋದರು.